ಕ್ರಿಯಾಪದ ಎಲ್ಲಿ ನಿಲ್ಲಬೇಕು? ಬೀದರ್ ನೆಲದಲ್ಲಿ ವಾಕ್ಯದ ಚರಿತ್ರೆ

ಬೀದರ್ ನಗರಕ್ಕೆ ಹೋದವರೆಲ್ಲ ಮಹಮೂದ್ ಗವಾನನ ಮದರಸಾ ನೋಡಿರುತ್ತೀರಿ. ಅರ್ಧ ಬಿದ್ದ ಕಟ್ಟಡ, ಉಳಿದಿರುವ ಒಂದೇ ಮಿನಾರು, ಅಲ್ಲಲ್ಲಿ ಅಂಟಿಕೊಂಡಿರುವ ನೀಲಿ ಹೆಂಚು. ಒಳಗೆ ಹೋಗಿ ಫೋಟೋ ತೆಗೆದುಕೊಂಡು ಬರುತ್ತೇವೆ. ಅಲ್ಲಿ ಏನು ಕಲಿಸುತ್ತಿದ್ದರು ಎಂದು ನಮ್ಮಲ್ಲಿ ಕೇಳುವವರು ಕಡಿಮೆ. ಹತ್ತನೇ ತರಗತಿಯ ಇಂಗ್ಲಿಷ್ ಪರೀಕ್ಷೆಗೆ ಹೆದರುವ ಭಾಲ್ಕಿ, ಔರಾದ್ ಕಡೆಯ ಮಕ್ಕಳ ಬಗ್ಗೆ ಬರೆಯಲು ಹೊರಟಾಗ ನಮಗೆ ಈ ಪ್ರಶ್ನೆ ಎದುರಾಯಿತು. ಯಾಕೆಂದರೆ ಆ ಮಕ್ಕಳು ಎಡವುವ ಜಾಗ ಹೆಚ್ಚಾಗಿ ಒಂದೇ: ವಾಕ್ಯ ಕಟ್ಟುವುದು. ಪದ ಗೊತ್ತಿರುತ್ತದೆ, ಅರ್ಥ ಗೊತ್ತಿರುತ್ತದೆ. ಯಾವ ಪದ ಎಲ್ಲಿ ನಿಲ್ಲಬೇಕು ಎನ್ನುವುದು ಗೊತ್ತಾಗುವುದಿಲ್ಲ. ಈ ತೊಡಕು ಇವತ್ತಿನದಲ್ಲ. ಬೀದರಿನಲ್ಲಿ ಅದಕ್ಕೆ ಐದುನೂರು ವರ್ಷಕ್ಕೂ ಹೆಚ್ಚಿನ ಚರಿತ್ರೆ ಇದೆ.

ಒಂದು ಪತ್ರ, ಒಂದು ತಲೆ

ಮದರಸಾ ಕಟ್ಟಿಸಿದ್ದು 1472ರಲ್ಲಿ. ಕಟ್ಟಿಸಿದ ಮಹಮೂದ್ ಗವಾನ್ ಬಹಮನಿ ರಾಜ್ಯದ ಪ್ರಧಾನಮಂತ್ರಿ, ಇರಾನಿನ ಗಿಲಾನ್ ಪ್ರಾಂತದಿಂದ ವ್ಯಾಪಾರಿಯಾಗಿ ಬಂದವನು. ಮದರಸಾದ ಗ್ರಂಥಾಲಯದಲ್ಲಿ 3000 ಪುಸ್ತಕಗಳಿದ್ದವು ಎಂದು ಹೇಳುತ್ತಾರೆ. ಗವಾನ್ ಸ್ವತಃ ಬರಹಗಾರ. ಅವನ ಪತ್ರಗಳ ಸಂಗ್ರಹಕ್ಕೆ 'ರಿಯಾಜುಲ್ ಇನ್ಶಾ' ಎಂದು ಹೆಸರು. ಅದಲ್ಲದೆ 'ಮನಾಜಿರುಲ್ ಇನ್ಶಾ' ಎಂಬ ಇನ್ನೊಂದು ಪುಸ್ತಕವನ್ನೂ ಬರೆದ. ಪತ್ರವನ್ನು, ಗದ್ಯವನ್ನು ಹೇಗೆ ಕಟ್ಟಬೇಕು ಎಂದು ಕಲಿಸುವ ಪುಸ್ತಕ ಅದು. ಅಂದರೆ ವಾಕ್ಯರಚನೆಯ ಪಾಠ ಬೀದರಿಗೆ ಇಂಗ್ಲಿಷಿನವರು ತಂದದ್ದಲ್ಲ.

ಅದೇ ಮಂತ್ರಿಯ ಜೀವ ಹೋದದ್ದೂ ಒಂದು ಪತ್ರದಿಂದ. ಅವನ ವೈರಿಗಳು ಮೊಹರು ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದದ ಮೇಲೆ ಗವಾನನ ಮೊಹರು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ ದಂಡೆತ್ತಿ ಬಾ ಎಂದು ಕರೆಯುವ ಪತ್ರ ಬರೆದು ಸುಲ್ತಾನನ ಕೈಗೆ ಮುಟ್ಟಿಸಿದರು. ಮೊಹರು ತನ್ನದೇ, ಬರಹ ತನ್ನದಲ್ಲ ಎಂದು ಗವಾನ್ ಹೇಳಿದರೂ ಸುಲ್ತಾನ ಕೇಳಲಿಲ್ಲ. 1481ರ ಏಪ್ರಿಲ್‌ನಲ್ಲಿ ಎಪ್ಪತ್ತು ದಾಟಿದ ಆ ಮುದುಕನ ತಲೆ ಕಡಿಸಿದ.

ಈ ಕತೆಯನ್ನು ಇಲ್ಲಿ ಹೇಳಿದ್ದಕ್ಕೆ ಕಾರಣವಿದೆ. ಓದದ ಕಾಗದದ ಮೇಲೆ ಸಹಿ ಬಿದ್ದರೆ ಏನಾಗುತ್ತದೆ ಎನ್ನುವುದು ನಮ್ಮ ಊರುಗಳಲ್ಲಿ ಇವತ್ತಿಗೂ ಬದುಕಿನ ಪ್ರಶ್ನೆ. ಕೊನೆಯಲ್ಲಿ ಅದಕ್ಕೆ ಮತ್ತೆ ಬರುತ್ತೇವೆ.

ಒಂದೇ ಮಾತು, ಬೇರೆ ಬೇರೆ ಜಾಗ

ಗವಾನನಂಥವರ ಕಾಲದ ಮದರಸಾಗಳಲ್ಲಿ ವಿದ್ಯೆಯ ಬಾಗಿಲು ಅರಬಿ ವ್ಯಾಕರಣ. ಪದದ ರೂಪ ಕಲಿಸುವುದಕ್ಕೆ ಸರ್ಫ್ ಎಂದೂ ವಾಕ್ಯ ಕಟ್ಟುವುದನ್ನು ಕಲಿಸುವುದಕ್ಕೆ ನಹ್ವ್ ಎಂದೂ ಹೆಸರು. ಅರಬಿಯಲ್ಲಿ ಸಾಮಾನ್ಯವಾಗಿ ಕ್ರಿಯಾಪದ ಮೊದಲು ಬರುತ್ತದೆ. 'ಅಹ್ಮದ್ ಪುಸ್ತಕವನ್ನು ಓದಿದ' ಎನ್ನಲು 'ಕರಅ ಅಹ್ಮದುಲ್ ಕಿತಾಬ' ಎನ್ನಬೇಕು. ಪದಕ್ಕೆ ಪದ ಇಟ್ಟರೆ 'ಓದಿದ ಅಹ್ಮದ್ ಪುಸ್ತಕವನ್ನು' ಎಂದಾಗುತ್ತದೆ.

ಆಸ್ಥಾನದ ಭಾಷೆ ಪಾರಸಿಯಲ್ಲಿ ಇದೇ ಮಾತು 'ಅಹ್ಮದ್ ಕಿತಾಬ್ ರಾ ಖಾಂದ್'. ಇಲ್ಲಿ ಕ್ರಿಯಾಪದ ಕೊನೆಗೆ ಹೋಯಿತು. 'ಕಿತಾಬ್' ಪಕ್ಕದ 'ರಾ' ನೋಡಿ, ಅದು ನಮ್ಮ 'ಅನ್ನು' ಮಾಡುವ ಕೆಲಸವನ್ನೇ ಮಾಡುತ್ತದೆ. ಉರ್ದುವಿನಲ್ಲಿ 'ಅಹ್ಮದ್ ನೆ ಕಿತಾಬ್ ಪಢೀ', ಮರಾಠಿಯಲ್ಲಿ 'ಅಹ್ಮದನೆ ಪುಸ್ತಕ ವಾಚಲೆ', ತೆಲುಗಿನಲ್ಲಿ 'ಅಹ್ಮದ್ ಪುಸ್ತಕಂ ಚದಿವಾಡು'. ಎಲ್ಲದರಲ್ಲೂ ಓದುವ ಕೆಲಸ ಕೊನೆಯಲ್ಲಿದೆ. ಬೀದರ್ ಜಿಲ್ಲೆಯ ಸಂತೆಯಲ್ಲಿ ಕೇಳುವ ನಾಲ್ಕೂ ಭಾಷೆಗಳಲ್ಲಿ ವಾಕ್ಯ ಮುಗಿಯುವುದು ಕ್ರಿಯಾಪದದಿಂದಲೇ. ಕೊನೆಯ ಪದದವರೆಗೆ ಕಾಯಿರಿ, ಮಾತಿನ ತಿರುಳು ಅಲ್ಲಿದೆ ಎಂದು ನಮ್ಮ ಕಿವಿ ಕಲಿತಿರುತ್ತದೆ.

ಇಂಗ್ಲಿಷಿನಲ್ಲಿ 'ಅಹ್ಮದ್ ರೆಡ್ ದ ಬುಕ್'. ಕ್ರಿಯಾಪದ ನಡುವೆ ನಿಂತಿತು. ಅರಬಿಯಂತೆ ಮೊದಲಲ್ಲ, ನಮ್ಮಂತೆ ಕೊನೆಯಲ್ಲೂ ಅಲ್ಲ. ಬೀದರಿನ ಮಗು ಇಂಗ್ಲಿಷಿನಲ್ಲಿ ಮೊದಲು ಎಡವುವುದು ಇಲ್ಲೇ. ಅದು ದಡ್ಡತನವಲ್ಲ. ನಾಲ್ಕು ಭಾಷೆಗಳು ಕೂಡಿ ಕಟ್ಟಿದ ಅಭ್ಯಾಸ.

ನಮ್ಮ ವ್ಯಾಕರಣಕಾರರು ಏನು ಬರೆದರು?

ವಾಕ್ಯದ ಬಗ್ಗೆ ಕನ್ನಡದವರು ಯೋಚಿಸಿರಲಿಲ್ಲವೇ ಎಂದು ಕೇಳಬಹುದು. ಬೀದರ್ ಜಿಲ್ಲೆಯದೇ ಆದ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಚಾಲುಕ್ಯರ ರಾಜಧಾನಿಯಾಗಿತ್ತು. ಚಾಲುಕ್ಯರ ಆಶ್ರಯದಲ್ಲಿದ್ದ ಎರಡನೇ ನಾಗವರ್ಮ ಕನ್ನಡಕ್ಕೆ ವ್ಯಾಕರಣ ಬರೆದ. ಅವನ 'ಕರ್ಣಾಟಕ ಭಾಷಾಭೂಷಣ' ಕನ್ನಡದ ಬಗ್ಗೆ ಸಂಸ್ಕೃತದಲ್ಲಿ ಬರೆದ ವ್ಯಾಕರಣ. 13ನೇ ಶತಮಾನದಲ್ಲಿ ಕೇಶಿರಾಜ 'ಶಬ್ದಮಣಿದರ್ಪಣ' ಬರೆದ. ಅದರಲ್ಲಿ ಸಂಧಿ, ನಾಮ, ಸಮಾಸ, ತದ್ಧಿತ, ಆಖ್ಯಾತ, ಧಾತು, ಅಪಭ್ರಂಶ, ಅವ್ಯಯ ಎಂಬ ಪ್ರಕರಣಗಳಿವೆ. ಹೆಸರು ನೋಡಿದರೇ ತಿಳಿಯುತ್ತದೆ, ಎಲ್ಲವೂ ಪದದ ಬಗ್ಗೆ. ವಾಕ್ಯಕ್ಕೆ ಬೇರೆ ಅಧ್ಯಾಯವಿಲ್ಲ.

ಇದಕ್ಕೂ ಕಾರಣವಿದೆ. ಕನ್ನಡದಲ್ಲಿ ಪದದ ಕೊನೆಯಲ್ಲಿರುವ ಪ್ರತ್ಯಯವೇ ಅರ್ಧ ಕೆಲಸ ಮಾಡಿಬಿಡುತ್ತದೆ. 'ಆಕಳು ನಾಯಿಯನ್ನು ಓಡಿಸಿತು' ಎನ್ನಿ, 'ನಾಯಿಯನ್ನು ಆಕಳು ಓಡಿಸಿತು' ಎನ್ನಿ, ಓಡಿದ್ದು ನಾಯಿಯೇ. 'ಅನ್ನು' ಯಾರಿಗೆ ಅಂಟಿಕೊಂಡಿದೆಯೋ ಅದೇ ಓಡಿದ್ದು. ಇಂಗ್ಲಿಷಿನಲ್ಲಿ 'ದ ಕೌ ಚೇಸ್ಡ್ ದ ಡಾಗ್' ಎಂದರೆ ನಾಯಿ ಓಡಿತು. ಎರಡು ಪದ ಅದಲು ಬದಲು ಮಾಡಿ 'ದ ಡಾಗ್ ಚೇಸ್ಡ್ ದ ಕೌ' ಎಂದರೆ ಆಕಳು ಓಡಿತು. ಅಲ್ಲಿ 'ಅನ್ನು' ಇಲ್ಲ, ಜಾಗವೇ ವಿಭಕ್ತಿ.

ಇಂಗ್ಲಿಷ್ ಹುಟ್ಟಿದಾಗಲೇ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ನಮ್ಮಂತೆಯೇ ಪದದ ಕೊನೆಗೆ ವಿಭಕ್ತಿಗಳಿದ್ದವು, ಪದಗಳು ಜಾಗ ಬದಲಿಸುವುದಕ್ಕೆ ಹೆಚ್ಚು ಸ್ವಾತಂತ್ರ್ಯವಿತ್ತು. ಉತ್ತರದಿಂದ ಬಂದ ವೈಕಿಂಗರ ಮಾತಿನೊಂದಿಗೆ ಬೆರೆಯುತ್ತ, 1066ರ ನಂತರ ಫ್ರೆಂಚ್ ಮಾತನಾಡುವ ದೊರೆಗಳ ಕೆಳಗೆ ಬದುಕುತ್ತ ಆ ವಿಭಕ್ತಿಗಳು ಸವೆದುಹೋದವು. ಸವೆದ ವಿಭಕ್ತಿಯ ಕೆಲಸವನ್ನು ಪದದ ಜಾಗ ಹೊತ್ತುಕೊಂಡಿತು. ಇಂಗ್ಲಿಷಿನ ವಾಕ್ಯ ಇಷ್ಟು ಬಿಗಿಯಾಗಿರುವುದಕ್ಕೆ ಅದೇ ಕಾರಣ. ಇದೊಂದು ಸಂಗತಿಯನ್ನು ಮೊದಲ ದಿನವೇ ಹೇಳಿದ್ದರೆ ನಮ್ಮಲ್ಲಿ ಎಷ್ಟೋ ಜನರ ಭಯ ಅರ್ಧಕ್ಕೆ ಇಳಿಯುತ್ತಿತ್ತು.

ಫಾಯಿಲ್, ಮಫೂಲ್, ಫೇಲ್

ನಿಜಾಮರ ಕಾಲಕ್ಕೆ ಬರೋಣ. ಹೈದರಾಬಾದ್ ಸಂಸ್ಥಾನದಲ್ಲಿ ಮೊದಲು ಪಾರಸಿ ಆಡಳಿತ ಭಾಷೆಯಾಗಿತ್ತು, 19ನೇ ಶತಮಾನದ ಕೊನೆಯ ಭಾಗದಲ್ಲಿ ಉರ್ದು ಆ ಜಾಗಕ್ಕೆ ಬಂತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಶುರುವಾದಾಗ ಭಾರತದ ಬೇರೆ ವಿಶ್ವವಿದ್ಯಾಲಯಗಳಲ್ಲಿ ಇಲ್ಲದ ಒಂದು ಕೆಲಸ ಮಾಡಿತು: ಇತಿಹಾಸದಿಂದ ವಿಜ್ಞಾನದವರೆಗೆ ಎಲ್ಲವನ್ನೂ ಉರ್ದುವಿನಲ್ಲಿ ಕಲಿಸಿತು. ಅದಕ್ಕಾಗಿ ಅನುವಾದದ ಇಲಾಖೆಯನ್ನೇ ತೆರೆದರು. ಇಂಗ್ಲಿಷ್ ಅಲ್ಲಿ ಕಡ್ಡಾಯವಾಗಿ ಕಲಿಯಬೇಕಾದ ಒಂದು ಭಾಷೆಯಾಗಿತ್ತು, ಮಾಧ್ಯಮವಾಗಿರಲಿಲ್ಲ.

ಉರ್ದು ಶಾಲೆಯಲ್ಲಿ ವ್ಯಾಕರಣದ ಹೆಸರುಗಳು ಅರಬಿಯಿಂದ ಬಂದವು. ಕೆಲಸ ಮಾಡುವವನು ಫಾಯಿಲ್, ಕೆಲಸ ಯಾರ ಮೇಲೆ ಬೀಳುತ್ತದೋ ಅದು ಮಫೂಲ್, ಕೆಲಸ ಫೇಲ್. ನಮ್ಮ ಕರ್ತೃ, ಕರ್ಮ, ಕ್ರಿಯಾಪದ ಇವೇ. ಉರ್ದು ಶಾಲೆಯ ಮಗುವಿಗೆ ಫೇಲ್ ಎಂದರೆ ಕ್ರಿಯಾಪದ. ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಬಂದ ದಿನ ಅದೇ ಸದ್ದಿನ ಪದಕ್ಕೆ ಬೇರೆ ಅರ್ಥ.

ಆದರೆ ಉರ್ದು ಓದಿದವರಿಗೆ ಇಂಗ್ಲಿಷ್ ವಾಕ್ಯದ ಒಂದು ಕೀಲಿ ಸಿಕ್ಕಿತ್ತು. 'ಉಸ್ ನೆ ಕಹಾ ಕಿ ಮೈಂ ಆವೂಂಗಾ' ಎನ್ನುವ ಮಾತು ನೋಡಿ. 'ಕಿ' ಎನ್ನುವ ಪುಟ್ಟ ಪದ ನಡುವೆ ನಿಂತು ಮುಂದಿನ ಮಾತಿಗೆ ಬಾಗಿಲು ತೆರೆಯುತ್ತದೆ. ಇಂಗ್ಲಿಷಿನ 'ದ್ಯಾಟ್' ಮಾಡುವುದೂ ಇದನ್ನೇ: 'ಹಿ ಸೆಡ್ ದ್ಯಾಟ್ ಹಿ ವುಡ್ ಕಮ್'. ಕನ್ನಡದಲ್ಲಿ ಬಾಗಿಲು ಆಮೇಲೆ ಬರುತ್ತದೆ: 'ಬರ್ತೀನಿ ಅಂತ ಅಂದ'. ಮಾತು ಮೊದಲು, 'ಅಂತ' ಆಮೇಲೆ. ಉರ್ದು ಬಲ್ಲ ಮಗುವಿಗೆ 'ಕಿ' ಇದ್ದ ಜಾಗದಲ್ಲಿ 'ದ್ಯಾಟ್' ಇಡು ಎಂದರೆ ಸಾಕು. ಕನ್ನಡದ ಮಗು ಇಡೀ ವಾಕ್ಯವನ್ನೇ ತಿರುಗಿಸಬೇಕು.

ಹೊರಗೆ ಉರ್ದು ಫಲಕ, ಒಳಗೆ ಕನ್ನಡ

ಆ ಕಾಲದಲ್ಲಿ ಕನ್ನಡದ ಮಗುವಿಗೆ ತನ್ನ ಭಾಷೆಯಲ್ಲಿ ವಾಕ್ಯ ಬರೆಯುವುದೇ ಕಷ್ಟವಾಗಿತ್ತು. ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹುಟ್ಟಿದ್ದು ಕಮಲನಗರದಲ್ಲಿ, ಆಗ ಅದು ಔರಾದ್ ಭಾಗದ ಊರು. ಅವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿ ಬೀದರ್ ಜಿಲ್ಲೆಯ ಮನೆಮಾತು. 1999ರಲ್ಲಿ ಲಿಂಗೈಕ್ಯರಾಗುವವರೆಗೂ ಅವರು ಈ ಗಡಿನಾಡಿನ ಶಾಲೆಗಳಿಗಾಗಿ ದುಡಿದರು.

ನಾವು ಈ ಸಂಗತಿಯನ್ನು ಕನ್ನಡದ ಅಭಿಮಾನದ ಕತೆಯಾಗಿ ಕೇಳಿ ಬೆಳೆದೆವು. ಅದು ನಿಜವೇ. ಅದರೊಳಗೆ ಇನ್ನೊಂದು ಮಾತೂ ಇದೆ. ಮನೆಯಲ್ಲಿ ಆಡುವ ವಾಕ್ಯವನ್ನು ಹಲಗೆಯ ಮೇಲೆ ಬರೆದು, ಅದರ ಕೀಲುಗಳನ್ನು ಒಮ್ಮೆ ಬಿಚ್ಚಿ ಜೋಡಿಸಿ ನೋಡಿದ ಮಗುವಿಗೆ ಮುಂದೆ ಯಾವ ಭಾಷೆಯ ವಾಕ್ಯವನ್ನಾದರೂ ಬಿಚ್ಚುವ ಧೈರ್ಯ ಬರುತ್ತದೆ. ಮೊದಲ ಭಾಷೆಯನ್ನೇ ಬಿಚ್ಚಿ ನೋಡದವನಿಗೆ ಎರಡನೆಯದು ಬರೀ ಬಾಯಿಪಾಠ.

ಮೂರು ಬಗೆಯ ವಾಕ್ಯ ಎಲ್ಲಿಂದ ಬಂತು?

1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದ್ ಭಾರತಕ್ಕೆ ಸೇರಿತು. 1956ರ ನವೆಂಬರ್ 1ರಂದು ಹಳೆಯ ಬೀದರ್ ಜಿಲ್ಲೆ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಬೀದರ್, ಭಾಲ್ಕಿ, ಔರಾದ್, ಹುಮನಾಬಾದ್ ಕಡೆಯ ಭಾಗ ಮೈಸೂರು ರಾಜ್ಯಕ್ಕೆ ಬಂತು. ಉದಗೀರ್, ನಿಲಂಗಾ, ಅಹಮದಪುರ ಮುಂಬಯಿ ರಾಜ್ಯಕ್ಕೆ ಹೋದವು. ಜಹೀರಾಬಾದ್, ನಾರಾಯಣಖೇಡ ಕಡೆಯ ಭಾಗ ಆಂಧ್ರಕ್ಕೆ ಸೇರಿತು. ಉರ್ದುವಿನ ಜಾಗಕ್ಕೆ ಕನ್ನಡ ಬಂತು, ಕನ್ನಡ ಪಠ್ಯಪುಸ್ತಕ ಬಂತು. ಅದರೊಂದಿಗೆ ವಾಕ್ಯದ ಮೂರು ಬಗೆಗಳೂ ಬಂದವು: ಸಾಮಾನ್ಯ ವಾಕ್ಯ, ಸಂಯೋಜಿತ ವಾಕ್ಯ, ಮಿಶ್ರ ವಾಕ್ಯ. ಇವತ್ತಿಗೂ ಪ್ರೌಢಶಾಲೆಯ ಕನ್ನಡ ವ್ಯಾಕರಣದಲ್ಲಿ ಇವನ್ನು ಓದುತ್ತೇವೆ.

ಇವು ಕೇಶಿರಾಜನ ಪ್ರಕರಣಗಳಲ್ಲ, ಇಂಗ್ಲಿಷ್ ವ್ಯಾಕರಣದ ಸಿಂಪಲ್, ಕಾಂಪೌಂಡ್, ಕಾಂಪ್ಲೆಕ್ಸ್ ಎಂಬ ಮೂರರ ಮಾದರಿಯಲ್ಲಿ ಬಂದವು. ಇಂಗ್ಲೆಂಡಿನಲ್ಲೂ ವಾಕ್ಯವನ್ನು ಹೀಗೆ ಬಿಡಿಸುವ ಪಾಠ ತೀರ ಹಳೆಯದಲ್ಲ. ಜರ್ಮನಿಯ ಕಾರ್ಲ್ ಬೆಕರ್ ಎಂಬ ವಿದ್ವಾಂಸನ ವಿಚಾರಗಳನ್ನು ಹಿಡಿದು ಇಂಗ್ಲೆಂಡಿನ ಶಾಲಾ ಇನ್‌ಸ್ಪೆಕ್ಟರ್ ಜೆ. ಡಿ. ಮಾರೆಲ್ 1852ರಲ್ಲಿ ವಾಕ್ಯ ವಿಶ್ಲೇಷಣೆಯ ಪುಸ್ತಕ ಬರೆದ. ಅಲ್ಲಿಂದ ಅದು ಶಾಲೆಗಳಲ್ಲಿ ಹರಡಿತು. ಭಾರತಕ್ಕೆ ಅದನ್ನು ಮನೆಮನೆಗೆ ತಂದವರು ಇಲ್ಲಿನ ಶಿಕ್ಷಣ ಇಲಾಖೆಗಳಲ್ಲಿ ಕೆಲಸ ಮಾಡಿದ ಇಂಗ್ಲಿಷರು. ಮೊದಲು ಜೆ. ಸಿ. ನೆಸ್‌ಫೀಲ್ಡ್, ಆಮೇಲೆ 1930ರ ದಶಕದಲ್ಲಿ ರೆನ್ ಮತ್ತು ಮಾರ್ಟಿನ್. ಕೆಂಪು ರಟ್ಟಿನ ಆ ದಪ್ಪ ಪುಸ್ತಕ ನಮ್ಮಲ್ಲೂ ಎಷ್ಟೋ ಮನೆಗಳ ಕಪಾಟಿನಲ್ಲಿದೆ. ಅದರ ಪಿ. ಸಿ. ರೆನ್ 'ಬೋ ಜೆಸ್ಟ್' ಎಂಬ ಸಾಹಸ ಕಾದಂಬರಿ ಬರೆದ ಕತೆಗಾರನೂ ಹೌದು.

ಕನ್ನಡದ ವ್ಯಾಕರಣವನ್ನು ಸಂಸ್ಕೃತದ, ಇಂಗ್ಲಿಷಿನ ಅಚ್ಚಿನಲ್ಲಿ ಒತ್ತಬಾರದು, ಕನ್ನಡಕ್ಕೆ ತನ್ನದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ. ಎನ್. ಶಂಕರ ಬಟ್ ಬದುಕಿಡೀ ವಾದಿಸಿದರು. ಆ ವಾದವನ್ನು ಒಪ್ಪಿ, ಬಿಡಿ. ಎರಡು ಭಾಷೆಗಳ ವಾಕ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಅವರು ಯಾಕೆ ಹಾಗೆ ಹೇಳಿದರು ಎಂದು ತಿಳಿಯುತ್ತದೆ. ನಮ್ಮ ಊರಿನ ಮಾತುಗಳನ್ನೇ ತೆಗೆದುಕೊಳ್ಳೋಣ.

ಸಾಮಾನ್ಯ ವಾಕ್ಯ: 'ಅವ್ವ ಹೊಲಕ್ಕೆ ಹೋಗಿ, ತೊಗರಿ ಕೊಯ್ದು, ಮನೆಗೆ ಬಂದು ರೊಟ್ಟಿ ಬಡಿದಳು.' ನಾಲ್ಕು ಕೆಲಸಗಳಿವೆ, ಪೂರ್ಣ ಕ್ರಿಯಾಪದ ಒಂದೇ: ಬಡಿದಳು. ಹೋಗಿ, ಕೊಯ್ದು, ಬಂದು ಇವು ಮಣಿಗಳಂತೆ ಪೋಣಿಸಿಕೊಂಡು ಹೋಗುತ್ತವೆ. ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ನಾಲ್ಕಕ್ಕೂ ಪೂರ್ಣ ರೂಪ ಕೊಟ್ಟು ಕೊನೆಯದರ ಮುಂದೆ 'ಆ್ಯಂಡ್' ಇಡುತ್ತಾರೆ: ವೆಂಟ್, ಕಟ್, ಕೇಮ್ ಆ್ಯಂಡ್ ಮೇಡ್. ನಮ್ಮ ಮಕ್ಕಳು 'ಗೋಯಿಂಗ್, ಕಟಿಂಗ್, ಕಮಿಂಗ್' ಎಂದು ಬರೆದರೆ ಅದು ಕನ್ನಡದ ಮಣಿಸರವನ್ನೇ ಇಂಗ್ಲಿಷಿಗೆ ಹಾಕಿದ್ದು.

ಸಂಯೋಜಿತ ವಾಕ್ಯ: 'ಬಸ್ ಬಂತು, ಆದರೆ ನಿಲ್ಲಲಿಲ್ಲ.' ಇಂಗ್ಲಿಷಿನಲ್ಲಿ 'ದ ಬಸ್ ಕೇಮ್, ಬಟ್ ಇಟ್ ಡಿಡ್ ನಾಟ್ ಸ್ಟಾಪ್'. ಕನ್ನಡದಲ್ಲಿ ಎರಡನೇ ಸಲ ಬಸ್ಸಿನ ಹೆಸರು ಎತ್ತಬೇಕಾಗಿಲ್ಲ, ನಿಲ್ಲದಿದ್ದದ್ದು ಯಾವುದು ಎಂದು ಕೇಳುವವನಿಗೆ ಗೊತ್ತು. ಇಂಗ್ಲಿಷಿನಲ್ಲಿ ಹೀಗೆ ಹೊಸ ವಾಕ್ಯ ಶುರುವಾದಾಗ ಕರ್ತೃವಿನ ಜಾಗವನ್ನು ತುಂಬಬೇಕು, ಅದಕ್ಕೇ 'ಇಟ್'.

ಮಿಶ್ರ ವಾಕ್ಯ: 'ನಿನ್ನೆ ಬಂದ ಹುಡುಗ ನನ್ನ ತಮ್ಮ.' 'ಬಂದ' ಎನ್ನುವ ಒಂದು ಪದ ಹುಡುಗನ ಮುಂದೆ ನಿಂತು ಎಲ್ಲ ಹೇಳಿಬಿಟ್ಟಿತು. ಇಂಗ್ಲಿಷಿನಲ್ಲಿ ಹುಡುಗ ಮೊದಲು, ವಿವರ ಆಮೇಲೆ, ನಡುವೆ 'ಹೂ' ಎಂಬ ಕೊಂಡಿ: 'ದ ಬಾಯ್ ಹೂ ಕೇಮ್ ಯೆಸ್ಟರ್‌ಡೇ ಈಸ್ ಮೈ ಬ್ರದರ್'. ಹಾಗೆಯೇ 'ಬಸ್ ಬಂದಾಗ ಓಡಿದೆವು' ಎನ್ನಲು 'ವೆನ್ ದ ಬಸ್ ಕೇಮ್, ವಿ ರ‍್ಯಾನ್'. ನಮ್ಮ 'ಆಗ' ಕ್ರಿಯಾಪದದ ಬಾಲಕ್ಕಿದೆ, ಅವರ 'ವೆನ್' ಮಾತಿನ ತಲೆಗಿದೆ.

ಒಟ್ಟಿನಲ್ಲಿ ತಿಳಿಯುವುದು ಇಷ್ಟು: ಕನ್ನಡದ ಕೊಂಡಿ ಹಿಂದೆ, ಇಂಗ್ಲಿಷಿನ ಕೊಂಡಿ ಮುಂದೆ. ಅಂತ, ಆಗ, ಆದರೆ, ಇಲ್ಲದಿದ್ದರೆ ಇವೆಲ್ಲ ನಮ್ಮಲ್ಲಿ ಮಾತು ಮುಗಿಯುವಾಗ ಬರುತ್ತವೆ. ಅವರಲ್ಲಿ ಮಾತು ಶುರುವಾಗುವಾಗಲೇ ಬರುತ್ತವೆ.

ಔರಾದಿನ ಕಿವಿಯಲ್ಲಿ ಇರುವ ಆಸ್ತಿ

ಔರಾದ್ ತಾಲೂಕು ಮಹಾರಾಷ್ಟ್ರ, ತೆಲಂಗಾಣ ಎರಡರ ಅಂಚಿಗೂ ಇದೆ. ಅಲ್ಲಿನ ಒಂದು ಮಗು ಮನೆಯಲ್ಲಿ ಒಂದು ಭಾಷೆ, ಓಣಿಯಲ್ಲಿ ಇನ್ನೊಂದು, ಬಸ್‌ಸ್ಟ್ಯಾಂಡಿನಲ್ಲಿ ಮೂರನೆಯದು ಆಡುವುದು ಹೊಸದಲ್ಲ. ಮೇಲಿನ ಮಿಶ್ರ ವಾಕ್ಯವನ್ನೇ ಮರಾಠಿಯಲ್ಲಿ ಹೇಳಿ ನೋಡಿ: 'ಜೋ ಮುಲ್ಗಾ ಕಾಲ್ ಆಲಾ ಹೋತಾ, ತೋ ಮಾಝಾ ಭಾವೂ ಆಹೆ'. ಇಲ್ಲಿ 'ಜೋ' ಇದೆ, ಅದು 'ಹೂ'ವಿನ ಬಂಧು. ಕೊನೆಗೆ 'ಆಹೆ' ಇದೆ, ಅದು 'ಈಸ್'ನ ಬಂಧು. ಕನ್ನಡದಲ್ಲಿ 'ಅವರು ನಮ್ಮ ಮಾಸ್ತರ' ಎಂದರೆ ಮುಗಿಯಿತು, 'ಈಸ್' ಬೇಕಿಲ್ಲ. ಅದಕ್ಕೇ ಕನ್ನಡದ ಮಗು 'ಹಿ ಅವರ್ ಟೀಚರ್' ಎಂದು ಬರೆಯುತ್ತದೆ. ಮರಾಠಿಯ 'ಆಹೆ', ಉರ್ದುವಿನ 'ಹೈ' ಅದರ ಕಿವಿಯಲ್ಲಿ ಇದ್ದೇ ಇದೆ. ಯಾರಾದರೂ ನೆನಪಿಸಿದರೆ ಸಾಕು.

ಇನ್ನು ನಮ್ಮ ದಖನಿ. ಪುಸ್ತಕದ ಉರ್ದು 'ಕಿ' ಬಳಸಿದರೆ ದಖನಿ ಆಡುವವರು 'ಆತೂಂ ಬೋಲ್ಕೆ ಬೋಲ್ಯಾ' ಎನ್ನುತ್ತಾರೆ. ಪದಗಳು ಉರ್ದುವಿನವು, ಕಟ್ಟು 'ಬರ್ತೀನಿ ಅಂತ ಅಂದ' ಎನ್ನುವ ಕನ್ನಡದ್ದು. 'ಕಲ್ ಆಯಾ ಸೋ ಛೋರಾ' ಎಂದರೆ 'ನಿನ್ನೆ ಬಂದ ಹುಡುಗ' ಎನ್ನುವ ಕಟ್ಟೇ. ನೂರಾರು ವರ್ಷ ಅಕ್ಕಪಕ್ಕ ಬದುಕಿದ ಭಾಷೆಗಳು ಪದಕ್ಕಿಂತ ಆಳದಲ್ಲಿ, ವಾಕ್ಯದ ಅಡಿಪಾಯದಲ್ಲೇ ಒಂದನ್ನೊಂದು ಹೋಲತೊಡಗಿವೆ.

ಇದು ನಮ್ಮ ಊಹೆಯಲ್ಲ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕುಪವಾಡ ಎಂಬ ಹಳ್ಳಿಯಲ್ಲಿ ಕನ್ನಡ, ಮರಾಠಿ, ಉರ್ದು, ತೆಲುಗು ಆಡುವವರು ತಲೆಮಾರುಗಳಿಂದ ಒಟ್ಟಿಗಿದ್ದರು. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಆ ಊರಿನ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಪ್ರಕಟಿಸಿದರು. ಅಲ್ಲಿನ ಭಾಷೆಗಳಲ್ಲಿ ಪದಗಳು ಬೇರೆ ಬೇರೆ ಇದ್ದರೂ ವಾಕ್ಯದ ಕಟ್ಟು ಬಹುಮಟ್ಟಿಗೆ ಒಂದೇ ಆಗಿತ್ತು, ಪದಕ್ಕೆ ಪದ ಬದಲಿಸಿದರೆ ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟಬಹುದಿತ್ತು. ಜಗತ್ತಿನ ಭಾಷಾವಿಜ್ಞಾನದ ವಿದ್ಯಾರ್ಥಿಗಳು ಇವತ್ತಿಗೂ ಆ ಹಳ್ಳಿಯ ಬಗ್ಗೆ ಓದುತ್ತಾರೆ. ಅಂಥದೇ ಸಂಪತ್ತು ಔರಾದಿನ ಬಸ್‌ಸ್ಟ್ಯಾಂಡಿನಲ್ಲೂ ಕೇಳಿಸುತ್ತದೆ. ನಮ್ಮ ಶಾಲೆಯ ಇಂಗ್ಲಿಷ್ ತರಗತಿಗೆ ಮಾತ್ರ ಅದು ಲೆಕ್ಕಕ್ಕಿಲ್ಲ.

ತರಗತಿಯಲ್ಲಿ ಏನು ತಪ್ಪಿತು?

ಮೊದಲು ನಮ್ಮ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಇಂಗ್ಲಿಷ್ ಐದನೇ ತರಗತಿಯಿಂದ ಇತ್ತು. 2007-08ರಿಂದ ಒಂದನೇ ತರಗತಿಗೇ ಬಂತು. ಆಮೇಲೆ ಕೆಲವು ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ವರ್ಷಗಳು ಹೆಚ್ಚಾದವು. ಕಲಿಸುವ ದಾರಿಯ ಬಗ್ಗೆ ಅಷ್ಟು ಮಾತು ನಡೆಯಲಿಲ್ಲ.

ನಾವು ಕಲಿತದ್ದು ಹೀಗೆ: ವ್ಯಾಖ್ಯಾನ ಬಾಯಿಪಾಠ ಮಾಡು, ಸಿಂಪಲ್ ವಾಕ್ಯವನ್ನು ಕಾಂಪ್ಲೆಕ್ಸ್ ಮಾಡು, ಕಾಂಪ್ಲೆಕ್ಸನ್ನು ಕಾಂಪೌಂಡ್ ಮಾಡು. ಯಾಕೆ ಎಂದು ಕೇಳಿದರೆ ಪರೀಕ್ಷೆಗೆ ಬರುತ್ತದೆ ಎಂಬುದೇ ಉತ್ತರ. ನಮ್ಮ ತಲೆಯಲ್ಲಿ ಮೊದಲೇ ಮೂರು ನಾಲ್ಕು ವ್ಯಾಕರಣಗಳಿವೆ, ಅವುಗಳ ಪಕ್ಕದಲ್ಲಿ ಇದನ್ನು ಇಡೋಣ ಎಂದು ಯಾರೂ ಹೇಳಲಿಲ್ಲ. ಖಾಲಿ ಪಾಟಿಯ ಮೇಲೆ ಬರೆದಂತೆ ಬರೆದರು. ಪಾಟಿ ಖಾಲಿ ಇರಲಿಲ್ಲ.

ಮಾಸ್ತರರನ್ನು ದೂರುವುದು ಸುಲಭ. ಅವರಿಗೂ ಹಾಗೆಯೇ ಕಲಿಸಿದ್ದರು. ನಮ್ಮ ಅಜ್ಜಂದಿರ ತಲೆಮಾರು ಉರ್ದುವಿನಲ್ಲಿ ಓದಿತು, ಅಪ್ಪಂದಿರದು ಕನ್ನಡದಲ್ಲಿ ಅಥವಾ ಮರಾಠಿಯಲ್ಲಿ, ಈಗಿನ ಮಕ್ಕಳು ಇಂಗ್ಲಿಷಿನಲ್ಲಿ. ಒಂದೇ ಮನೆಯಲ್ಲಿ ಮೂರು ತಲೆಮಾರಿಗೆ ಮೂರು ಲಿಪಿ. ಅಜ್ಜನ ಕಾಲದ ಜಮೀನಿನ ಉರ್ದು ಕಾಗದವನ್ನು ಮೊಮ್ಮಗ ಓದಲಾರ, ಮೊಮ್ಮಗನ ಇಂಗ್ಲಿಷ್ ಅರ್ಜಿಯನ್ನು ಅಪ್ಪ ಓದಲಾರ. ವ್ಯಾಜ್ಯ ಬಂದಾಗ ಮನೆಯ ಕಾಗದ ಹಿಡಿದು ಓದಿ ಹೇಳುವವರನ್ನು ಹುಡುಕಿಕೊಂಡು ಹೋಗುವುದು ನಮ್ಮ ಕಡೆ ಮೂರು ತಲೆಮಾರಿನಿಂದ ನಡೆದಿದೆ.

ಮುಂದೆ ನಿಂತ ಸಣ್ಣ ಪದ

ಈಗ ಗವಾನನ ಖಾಲಿ ಕಾಗದಕ್ಕೆ ಮರಳೋಣ. ಸಾಲದ ಕಾಗದದಲ್ಲಿ ಬರುವಂಥ ಒಂದು ವಾಕ್ಯ ನೋಡಿ: 'ಅನ್‌ಲೆಸ್ ದ ಅಮೌಂಟ್ ಈಸ್ ಪೇಡ್ ಬೈ ದ ಡ್ಯೂ ಡೇಟ್, ಪೀನಲ್ ಚಾರ್ಜಸ್ ವಿಲ್ ಬಿ ಲೆವೀಡ್'. ಅರ್ಧ ಇಂಗ್ಲಿಷ್ ಬಲ್ಲವನ ಕಣ್ಣು 'ಅಮೌಂಟ್ ಈಸ್ ಪೇಡ್' ಎನ್ನುವಲ್ಲಿ ನಿಲ್ಲುತ್ತದೆ, ಹಣ ಕಟ್ಟಿದ್ದಾಗಿದೆ ಎಂದುಕೊಳ್ಳುತ್ತಾನೆ. ನಿಜವಾದ ಮಾತು 'ಗಡುವಿನೊಳಗೆ ಹಣ ಕಟ್ಟದಿದ್ದರೆ ದಂಡದ ಶುಲ್ಕ ಬೀಳುತ್ತದೆ' ಎಂದು. ಕನ್ನಡದಲ್ಲಿ 'ಇಲ್ಲ' ಎನ್ನುವುದು ಕ್ರಿಯಾಪದದ ಕೊನೆಗೆ ಅಂಟಿಕೊಂಡು ಬರುತ್ತದೆ: ಕಟ್ಟದಿದ್ದರೆ. ನಮ್ಮ ಕಣ್ಣು ಅಲ್ಲೇ ಹುಡುಕುತ್ತದೆ. ಇಂಗ್ಲಿಷಿನಲ್ಲಿ ಅದು 'ಅನ್‌ಲೆಸ್' ಆಗಿ ವಾಕ್ಯದ ತಲೆಯ ಮೇಲೆ ಕೂತಿದೆ, ಅದನ್ನು ದಾಟಿ ಬಂದುಬಿಟ್ಟಿರುತ್ತೇವೆ.

ಹಾಗಾಗಿ ಇಂಗ್ಲಿಷ್ ಕಾಗದ ಕೈಗೆ ಬಂದಾಗ ಮೂರು ಕೆಲಸ ಮಾಡಿ. ಮಕ್ಕಳಿಗೂ ಇದನ್ನೇ ಹೇಳಿ. ಮೊದಲು ಕ್ರಿಯಾಪದ ಹುಡುಕಿ, ಅದು ನಡುವೆ ಇರುತ್ತದೆ. ಆಮೇಲೆ ಅದರ ಎಡಕ್ಕೆ ಯಾರಿದ್ದಾರೆ, ಬಲಕ್ಕೆ ಯಾರಿದ್ದಾರೆ ನೋಡಿ. ಸಾಮಾನ್ಯವಾಗಿ ಎಡಕ್ಕಿರುವವನು ಮಾಡುವವನು, 'ಈಸ್ ಪೇಡ್' ಥರದ ಜೋಡಿ ಬಂದರೆ ಮಾತ್ರ ಎಡಕ್ಕಿರುವುದು ಮಾಡಿಸಿಕೊಂಡದ್ದು. ಕೊನೆಗೆ ವಾಕ್ಯದ ತಲೆಗೆ ಹೋಗಿ ಇಫ್, ಅನ್‌ಲೆಸ್, ವೆನ್, ಬಿಕಾಸ್ ಥರದ ಸಣ್ಣ ಪದ ಇದೆಯೇ ನೋಡಿ. ಇದ್ದರೆ ಅದನ್ನು ಎತ್ತಿ ಕನ್ನಡದ ಕ್ರಿಯಾಪದದ ಬಾಲಕ್ಕೆ ಕಟ್ಟಿ: ರೆ, ದಿದ್ದರೆ, ಆಗ, ಆದ್ದರಿಂದ. ಆಮೇಲೆ ವಾಕ್ಯವನ್ನು ಕನ್ನಡದಲ್ಲಿ ಗಟ್ಟಿಯಾಗಿ ಓದಿ. ಅರ್ಥವಾಗದಿದ್ದರೆ ಸಹಿ ಮಾಡಬೇಡಿ, ಒಂದು ದಿನ ಕಾಗದ ಮನೆಗೆ ತನ್ನಿ.

ಬೀದರ್ ಈ ಐದುನೂರು ವರ್ಷಗಳಲ್ಲಿ ಅರಬಿ, ಪಾರಸಿ, ಉರ್ದು, ಕನ್ನಡ, ಮರಾಠಿ, ತೆಲುಗು, ಇಂಗ್ಲಿಷ್ ಎಂದು ಏಳು ಭಾಷೆಗಳ ವಾಕ್ಯಗಳನ್ನು ಕಂಡಿದೆ. ಇಷ್ಟು ಬಗೆಯ ಕಟ್ಟುಗಳನ್ನು ಕೇಳಿ ಬೆಳೆದ ನೆಲದ ಮಕ್ಕಳಿಗೆ ಇನ್ನೊಂದು ಕಟ್ಟು ಕಲಿಯುವುದು ಆಗದ ಮಾತಲ್ಲ. ನಿಮ್ಮ ಮನೆಯ ಮಗು 'ಐ ಸ್ಕೂಲ್ ಗೋ' ಎಂದು ಬರೆದು ತಂದರೆ ಬೈಯಬೇಡಿ. ಪಕ್ಕದಲ್ಲಿ 'ನಾನು ಸಾಲಿಗೆ ಹೋಗ್ತೀನಿ' ಎಂದು ಬರೆದು, ಎರಡರಲ್ಲೂ ಹೋಗುವುದು ಎಲ್ಲಿ ನಿಂತಿದೆ ಎಂದು ಬೆರಳಿಟ್ಟು ತೋರಿಸಲು ಹೇಳಿ.